ಬಾಗಿಲಲ್ಲಿ ನಿಂತಿದ್ದವನು ಯಾರು?

ಪೆರ್ಲದ ಗೆಳೆಯರೇ,

ಬಿಜಿಎಂಐ ಎಂಬ ಮೊಬೈಲ್ ಆಟದೊಳಗೆ ನಡೆಯುವ ನಿಮ್ಮ ಕಥೆ ಓದಿದೆ. ಪ್ಯಾರಾಚೂಟಿನಲ್ಲಿ ಇಳಿಯುವ ಸಂತುವಿಗೆ ಅಡಿಕೆ ಮರದ ತುದಿಯಿಂದ ಕಂಡ ತೋಟ ನೆನಪಾಗುತ್ತದಲ್ಲ, ಅದು ಚೆನ್ನಾಗಿದೆ. ಭಾಷೆಯೂ ಹದವಾಗಿದೆ.

ಜೊತೆಗಿಟ್ಟ ಪತ್ರದಲ್ಲಿ ಇನ್ನೂ ನಾಲ್ಕು ಭಾಗ, ಆಮೇಲೆ ಅಚ್ಚಿನ ಪುಸ್ತಕ ಎಂದೆಲ್ಲ ಬರೆದಿದ್ದೀರಿ. ಆಸೆ ತಪ್ಪಲ್ಲ. ಆದರೆ ಆ ಆಸೆ ಈ ಕಥೆಯನ್ನೇ ತಿಂದುಹಾಕಿದೆ. ಕೊನೆಯ ಸಾಲು ನೋಡಿ: ‘ಬಾಗಿಲು ತೆರೆಯಿತು. ಅಲ್ಲಿ ನಿಂತಿದ್ದವನು... (ಎರಡನೇ ಭಾಗದಲ್ಲಿ).’

ಓದಿ ಸಿಟ್ಟು ಬಂತು. ಅಷ್ಟೂ ಪುಟ ಆ ಮನೆಯೊಳಗೆ ಕೂರಿಸಿ, ಬಾಗಿಲು ತೆರೆದ ಮೇಲೆ ಮುಖ ತೋರಿಸುವುದಿಲ್ಲ ಅಂದರೆ ಹೇಗೆ? ಕುಂಬಳೆ ನಿಮಗೆ ದೂರವೇನಲ್ಲ. ಅಲ್ಲಿಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿ ಒಂದಾದ ಮೇಲೊಂದು ರಾಮಾಯಣ ಪ್ರಸಂಗಗಳಿವೆ. ವಾಲಿಸಂಹಾರದ ರಾತ್ರಿ ವಾಲಿ ಸಾಯಲೇಬೇಕು. ಸೀತೆ ಇನ್ನೂ ಸಿಕ್ಕಿಲ್ಲ, ಲಂಕೆ ದೂರವಿದೆ. ಆದರೂ ಬಂದವರು ಪೂರ್ತಿ ಆಟ ನೋಡಿಯೇ ಮನೆಗೆ ಹೋಗುತ್ತಾರೆ.

ನಾನು ಮಂಗಳೂರಿನ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಾ ಕೆಲಸ ಕಲಿತವನು. ಧಾರಾವಾಹಿಯ ಕಂತು ಬಂದರೆ ನಮ್ಮ ಹಿರಿಯ ಸಂಪಾದಕರು ಮೊದಲು ಕೊನೆಯ ಪುಟ ಓದುತ್ತಿದ್ದರು. ಏನೂ ಮುಗಿದಿಲ್ಲ ಅನಿಸಿದರೆ ಕಂತು ವಾಪಸ್. ಒಂದು ಜಗಳ ತೀರಬೇಕು, ಇಲ್ಲವೇ ಒಂದು ಮದುವೆ ಮುರಿಯಬೇಕು. ಮುಂದಿನ ವಾರದ ಕಷ್ಟ ಹುಟ್ಟುತ್ತಿದ್ದದ್ದು ಅದರಿಂದಲೇ. ಓದುಗರ ಕಾಗದ ಜಾಸ್ತಿ ಬರುತ್ತಿದ್ದದ್ದೂ ಅಂಥ ಕಂತುಗಳಿಗೇ.

ಇನ್ನೊಂದು ಜಾಗ. ‘ಗುಂಡು ಎದೆಗೆ ಹೊಕ್ಕಿತು. ಸಂತು ಫಸ್ಟ್ ಏಡ್ ಹಾಕಿಕೊಂಡ. ಹೆಲ್ತ್ 75ಕ್ಕೆ ಬಂತು. ಮತ್ತೆ ಓಡಿದ.’ ಮೊಬೈಲ್ ಹಿಡಿದವನಿಗೆ ಇದು ಸಾಕು, ಪರದೆಯ ಕೆಳಗಿನ ಪಟ್ಟಿ ತುಂಬುವುದು ಅವನಿಗೆ ಕಾಣುತ್ತದೆ. ಓದುವವನ ಕೈಯಲ್ಲಿ ಆ ಪಟ್ಟಿ ಇಲ್ಲ. ‘ಹೊಕ್ಕಿತು’ ಅಂದಮೇಲೆ ನೋವಾಯಿತಾ? ಎಲ್ಲಿ ಕೂತ? ಹೊರಗೆ ಯಾರದೋ ಹೆಜ್ಜೆ ಸದ್ದು ಎಂದು ನೀವೇ ಬರೆದಿದ್ದೀರಿ. ಕಾವಲಿಗೆ ಗೆಳೆಯ ರಫೀಕನೂ ಇದ್ದಾನೆ. ಇವನನ್ನು ಬಿಟ್ಟು ಓಡಿದರೆ ತಾನು ಉಳಿಯುತ್ತೇನೆ ಎಂದು ರಫೀಕನಿಗೆ ಒಮ್ಮೆಯೂ ಅನಿಸಲಿಲ್ವಾ? ಬ್ಯಾಂಡೇಜು ಸುತ್ತುವಷ್ಟು ಹೊತ್ತು ರಫೀಕನ ಮುಖ ನೋಡಿಕೊಂಡು ಬರೆಯಿರಿ. ನನಗೆ ಕಥೆ ಕಂಡದ್ದು ಅಲ್ಲಿ.

ಪುಸ್ತಕದ ಮಾತು. ಆ ಆಟ ಕ್ರಾಫ್ಟನ್ ಕಂಪನಿಯದ್ದು. ಅವರ ದ್ವೀಪ, ಊರು, ಪಾತ್ರಗಳನ್ನು ಹಾಗೇ ಎತ್ತಿಕೊಂಡು ಪುಸ್ತಕ ಮಾಡಿ ಮಾರಬೇಕಾದರೆ ಅವರ ಒಪ್ಪಿಗೆ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆ ನಮಗೂ ಅನ್ವಯಿಸುತ್ತದೆ. ಆದರೆ ನೂರು ಜನ ಒಂದು ದ್ವೀಪಕ್ಕೆ ಇಳಿಯುವುದು, ನಿಲ್ಲುವ ಜಾಗ ಕಿರಿದಾಗುತ್ತಾ ಬರುವುದು, ಇಂಥ ಬರೀ ಕಲ್ಪನೆಯ ಮೇಲೆ ಯಾರಿಗೂ ಹಕ್ಕಿಲ್ಲ. ಅವರ ಎರಂಗೆಲ್ ದ್ವೀಪ, ಪೋಚಿಂಕಿ ಊರು ಬಿಡಿ. ದ್ವೀಪವನ್ನು ನೀವೇ ಕಟ್ಟಿ, ಊರುಗಳಿಗೆ ನೀವೇ ಹೆಸರಿಡಿ.

ಉಳಿದ ನಾಲ್ಕು ಭಾಗಗಳ ಪಟ್ಟಿ ಈಗ ಬೇಡ. ಇದೊಂದನ್ನು ಮುಗಿಸಿ ಕಳಿಸಿ. ದೀಪಾವಳಿ ವಿಶೇಷಾಂಕದಲ್ಲಿ ಇನ್ನೂ ಜಾಗವಿದೆ.