ಡೌನ್‌ಹಿಲ್ ಸ್ಕೀ ರೇಸಿಂಗ್: ಯಾವಾಗ ಶುರು ಮಾಡಬೇಕು, ಎಷ್ಟು ವರ್ಷ ಬಾಳುತ್ತದೆ?

ಮಗನಿಗೆ 14 ವರ್ಷ, ವೇಗದ ಹುಚ್ಚು, ಈಗಿನಿಂದಲೇ ಡೌನ್‌ಹಿಲ್ (ಹಿಮದ ಇಳಿಜಾರಿನಲ್ಲಿ ಅತಿ ವೇಗವಾಗಿ ಇಳಿಯುವ ಸ್ಕೀ ರೇಸ್) ಒಂದನ್ನೇ ಹಿಡಿಸಬಹುದೇ, ಈ ವೃತ್ತಿ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದ್ದೀರಿ.

ದಯವಿಟ್ಟು ಈಗಲೇ ಬೇಡ. ಡೌನ್‌ಹಿಲ್ ರೇಸರ್ ತಯಾರಾಗುವುದು ಜೈಂಟ್ ಸ್ಲಾಲಮ್‌ನಲ್ಲಿ, ಅಂದರೆ ಕಂಬಗಳ ನಡುವೆ ತಿರುಗುತ್ತ ಇಳಿಯುವ ರೇಸಿನಲ್ಲಿ. ಹೊರಗಿನ ಸ್ಕೀ ಮೇಲೆ ಭಾರ ಹಾಕಿ, ಅಂಚು ಜಾರದಂತೆ ತಿರುವು ಮುಗಿಸುವುದು ಅಲ್ಲಿ ಮೈಗೂಡಬೇಕು. ಗಂಟೆಗೆ 120 ಕಿ.ಮೀ. ವೇಗದಲ್ಲಿ ಅದನ್ನು ಕಲಿಯಲು ಬಿಡುವಿರುವುದಿಲ್ಲ. ವಿಶ್ವಕಪ್‌ನಲ್ಲಿ ಪುರುಷರ ಜೈಂಟ್ ಸ್ಲಾಲಮ್ ಸ್ಕೀ ಕನಿಷ್ಠ 193 ಸೆಂ.ಮೀ., ಇವೆರಡರ ನಡುವಿನ ವೇಗದ ಸೂಪರ್-ಜಿಗೆ 210, ಡೌನ್‌ಹಿಲ್‌ಗೆ 218. ಉದ್ದ ಹೆಚ್ಚಿದಷ್ಟೂ ಸ್ಕೀ ಹಠಮಾರಿ, ಅದನ್ನು ಬಗ್ಗಿಸಲು ತೊಡೆಯಲ್ಲಿ ಕಸುವು ಬೇಕು. ಬೆಳೆಯುತ್ತಿರುವ ಮೈ ಈ ಮೂರನ್ನೂ ಇದೇ ಕ್ರಮದಲ್ಲಿ ಹತ್ತಲಿ.

16ರ ಹೊತ್ತಿಗೆ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಸ್‌ನ ರೇಸುಗಳಿಗೆ ಇಳಿಯಬಹುದು. ಅಲ್ಲಿ ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು. ಆಯಾ ವಿಭಾಗದ ಎರಡು ಅತ್ಯುತ್ತಮ ಫಲಿತಾಂಶಗಳ ಸರಾಸರಿ ತೆಗೆಯುತ್ತಾರೆ. ಹೊಸಬರು ಸಿಕ್ಕಿಬೀಳುವುದು ಇಲ್ಲೇ: ಅಂಕ ಹೆಚ್ಚಿದ್ದರೆ ಕೊನೆಯಲ್ಲಿ ಹೊರಡಬೇಕು, ಅಷ್ಟರಲ್ಲಿ ಹಾದಿ ಗುಂಡಿಬಿದ್ದಿರುತ್ತದೆ, ಸಮಯ ಹಾಳಾಗುತ್ತದೆ, ಅಂಕ ಇಳಿಯುವುದೇ ಇಲ್ಲ. ಇದನ್ನು ಮುರಿಯಲು ಬಲಿಷ್ಠರು ಬರುವ ರೇಸುಗಳನ್ನೇ ಆರಿಸಿ. ಸ್ಪರ್ಧಿಗಳ ಮಟ್ಟ ನೋಡಿ ಎಲ್ಲರಿಗೂ ಸೇರಿಸುವ ದಂಡದ ಅಂಕ ಅಲ್ಲಿ ಕಡಿಮೆ, ಹಾಗಾಗಿ ಹಿಂದಿನ ಸ್ಥಾನವೂ ಲಾಭವೇ. ಮುಂದೆ ಯೂರೋಪಾ ಕಪ್, ಆಮೇಲೆ ವಿಶ್ವಕಪ್. ವಿಶ್ವಕಪ್‌ನ ಅಂಕ ಬೇರೆ, ಅಲ್ಲಿ ಹೆಚ್ಚಿದ್ದಷ್ಟೂ ಒಳ್ಳೆಯದು, ಮೊದಲ 30 ಜನಕ್ಕಷ್ಟೇ ಸಿಗುತ್ತದೆ.

ಬಾಳಿಕೆಯ ಬಗ್ಗೆ ಭಯ ಬೇಡ. ಡೌನ್‌ಹಿಲ್‌ನಲ್ಲಿ ಅನುಭವಕ್ಕೆ ಬೆಲೆ ಜಾಸ್ತಿ. ಸ್ವಿಟ್ಜರ್ಲೆಂಡಿನ ವೆಂಗೆನ್, ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್ ರೇಸ್ ಹಾದಿಗಳು ವರ್ಷವರ್ಷವೂ ಅವೇ. ಎಲ್ಲಿ ಗಾಳಿಗೆ ಹಾರುತ್ತೇವೆ, ಎಲ್ಲಿ ನೆರಳಿನಲ್ಲಿ ಮಂಜು ಗಟ್ಟಿ ಎಂಬುದು ಹಲವು ಬಾರಿ ಇಳಿದವರಿಗೇ ಗೊತ್ತು. ಫ್ರಾನ್ಸ್‌ನ ಯೋಹಾನ್ ಕ್ಲಾರೆ ಒಂದೂ ವಿಶ್ವಕಪ್ ರೇಸ್ ಗೆದ್ದವರಲ್ಲ. ಆದರೂ 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 41ನೇ ವಯಸ್ಸಿನಲ್ಲಿ ಬೆಳ್ಳಿ ತಂದರು.

ವೃತ್ತಿಯನ್ನು ಮೊಟಕು ಮಾಡುವುದು ಮೊಣಕಾಲು. ತಿರುವಿನಲ್ಲಿ ಹೊರಗಿನ ಸ್ಕೀ ಹಿಡಿತ ತಪ್ಪಿ, ಮರುಕ್ಷಣ ಒಳಅಂಚು ಥಟ್ಟನೆ ಕಚ್ಚಿಕೊಂಡಾಗ ಮೊಣಕಾಲು ಒಳಕ್ಕೆ ತಿರುಚುತ್ತದೆ, ಎಸಿಎಲ್ (ಮೊಣಕಾಲಿನೊಳಗಿನ ಮುಖ್ಯ ಅಸ್ಥಿರಜ್ಜು) ಹರಿಯುತ್ತದೆ. ಬೀಳುವ ಮೊದಲೇ! ರೇಸರ್ ಉಡುಪಿನೊಳಗೆ ತೊಡುವ ಏರ್‌ಬ್ಯಾಗ್ ಎದೆ-ಬೆನ್ನನ್ನು ಕಾಯುತ್ತದೆ, ಮೊಣಕಾಲನ್ನಲ್ಲ. ಶಸ್ತ್ರಚಿಕಿತ್ಸೆಯಾದರೆ 9 ತಿಂಗಳಿಗಿಂತ ಮೊದಲು ರೇಸಿಗೆ ಇಳಿಸಬೇಡಿ. ಆಗಲೂ ಎರಡೂ ಕಾಲಿನ ಬಲ ಸಮವಿದೆಯೇ ಎಂದು ಅಳೆಸಿ, ಮೊದಲು ಜೈಂಟ್ ಸ್ಲಾಲಮ್‌ಗೇ ಮರಳಿಸಿ.