‘ಮಳೆ ನಿಂತ್ಮೇಲೆ ಹೋಗಣ’: ಅಜ್ಜಿಯನ್ನು ಊರಿಗೆ ಕಳಿಸುವ ಮೊದಲು

ಈ ವಾರ ಕೈಸೇರಿದ ಪತ್ರಗಳಲ್ಲಿ ಬೆಂಗಳೂರಿನ ತಾಯಿಯೊಬ್ಬರದು ನನ್ನನ್ನು ಎರಡು ದಿನ ಬೇರೆ ಕೆಲಸ ಮಾಡಗೊಡಲಿಲ್ಲ. ಅವರ ಒಬ್ಬನೇ ಮಗನಿಗೆ ಈಗ ಐದೂವರೆ ವರ್ಷ. ಮೂರು ತುಂಬುವ ಹೊತ್ತಿಗೆ, ಮಾತು ಮತ್ತು ಒಡನಾಟ ಬೇರೆ ದಾರಿಯಲ್ಲಿ ಬೆಳೆಯುವ ಸ್ಥಿತಿಯಾದ ಆಟಿಸಂ ಇದೆಯೆಂದು ವೈದ್ಯರು ಹೇಳಿದ್ದಾರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು; ಮಾವನವರು ತೀರಿಕೊಂಡ ಮೇಲೆ ತೀರ್ಥಹಳ್ಳಿ ಕಡೆಯ ಅತ್ತೆ ಇವರ ಜೊತೆಗೇ ಇದ್ದು ಮೊಮ್ಮಗನನ್ನು ನೋಡಿಕೊಳ್ಳುತ್ತಿದ್ದಾರೆ. ವರ್ಷದ ಹಿಂದೆ ಥೆರಪಿ ಕೇಂದ್ರವೊಂದರಲ್ಲಿ, ಎರಡು ಭಾಷೆ ಕಿವಿಗೆ ಬಿದ್ದು ಮಗುವಿಗೆ ಗೊಂದಲವಾಗುತ್ತಿದೆ, ಶಾಲೆಯೂ ಇಂಗ್ಲಿಷಿನದೇ ಆದ್ದರಿಂದ ಮನೆಯಲ್ಲಿ ಅದೊಂದನ್ನೇ ಆಡಿ, ಅವನು ಕೇಳಿದ್ದನ್ನೇ ಗಿಣಿಯಂತೆ ಹೇಳುವಾಗ ಲಕ್ಷ್ಯ ಕೊಡಬೇಡಿ ಎಂದರಂತೆ. ಪತಿ ಅದನ್ನು ಚಾಚೂ ತಪ್ಪದೆ ಜಾರಿಗೆ ತಂದರು. ಇಂಗ್ಲಿಷ್ ಬಾರದ ಅತ್ತೆ ಆಗಾಗ ಮರೆತು ಕನ್ನಡದಲ್ಲಿ ಮಾತಾಡಿಬಿಡುತ್ತಾರೆ. ಆದ್ದರಿಂದ ಅವರನ್ನು ಊರಿನಲ್ಲಿರುವ ಮೈದುನನ ಮನೆಗೆ ಕಳಿಸಿಬಿಡೋಣ ಎಂಬುದು ಪತಿಯ ಈಗಿನ ತೀರ್ಮಾನ. ‘ಅತ್ತೆಯನ್ನು ಕಳಿಸಲು ನನಗೆ ಮನಸ್ಸಿಲ್ಲ, ಮಗನ ಏಳಿಗೆಗೆ ಅಡ್ಡ ಬರಲೂ ಮನಸ್ಸಿಲ್ಲ, ಏನು ಮಾಡಲಿ?’ ಎಂದು ಕೇಳಿದ್ದಾರೆ.

ತಾಯೀ, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ನೀವು ಅದನ್ನು ಆವರಣ ಚಿಹ್ನೆಯೊಳಗೆ ಹಾಕಿ ದಾಟಿಬಿಟ್ಟಿದ್ದೀರಿ. ‘ಅರ್ಥವಿಲ್ಲದ ಮಾತನ್ನೇ ಆಡುತ್ತಾನೆ’ ಎಂದು ಬರೆದು ಅದರ ಪಕ್ಕದಲ್ಲಿ ಸೇರಿಸಿದ್ದೀರಿ: ಮಿಕ್ಸಿ ಹಾಕಿದರೆ ‘ಮಳೆ ನಿಂತ್ಮೇಲೆ ಹೋಗಣ’ ಅನ್ನುತ್ತಾನೆ, ಕುಕ್ಕರ್ ಕೂಗಿದರೂ ಅದನ್ನೇ ಅನ್ನುತ್ತಾನೆ, ಮೊನ್ನೆ ನೆಂಟರ ಮದುವೆಯಲ್ಲಿ ಗಟ್ಟಿಮೇಳ ಮೊಳಗಿದಾಗ ಕಿವಿ ಮುಚ್ಚಿಕೊಂಡು ಅದನ್ನೇ ಕೂಗಿ ಹೇಳಿದ, ಸುತ್ತಲಿದ್ದವರು ನಕ್ಕರು, ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಮಿಕ್ಸಿ, ಕುಕ್ಕರ್, ಗಟ್ಟಿಮೇಳ. ಮೂರೂ ಹೇಳದೆ ಕೇಳದೆ ಬಂದು ಕಿವಿಗೆ ಅಪ್ಪಳಿಸುವ ಸದ್ದುಗಳು. ಮೂರು ಕಡೆಯೂ ಮಗು ಬೇರೆ ಯಾವ ಮಾತನ್ನೂ ಆಡದೆ ಅದೇ ವಾಕ್ಯವನ್ನು ಆಡಿದೆ. ಅದು ನಿಮ್ಮ ವಾಕ್ಯವಲ್ಲ. ನೀವಾಗಿದ್ದರೆ ‘ಹೋಗೋಣ’ ಅನ್ನುತ್ತಿದ್ದಿರಿ. ‘ಹೋಗಣ’ ಎಂಬುದು ನಿಮ್ಮ ಅತ್ತೆಯವರ ಬಾಯಿಯ ಮಲೆನಾಡಿನ ರೂಪ, ಮಗು ಅದನ್ನು ಒಂದಕ್ಷರ ಸವೆಯದಂತೆ ಇಟ್ಟುಕೊಂಡಿದೆ. ನಾನು ಊಹಿಸುವುದು ಹೀಗೆ: ಯಾವುದೋ ಮಳೆಗಾಲದಲ್ಲಿ ನೀವು ಅವನನ್ನು ಊರಿಗೆ ಕರೆದುಕೊಂಡು ಹೋಗಿದ್ದಿರಿ, ಹೊರಗೆ ಹೊರಡುವ ಹೊತ್ತಿಗೆ ಗುಡುಗು ಬಂತು, ಹಂಚಿನ ಮೇಲೆ ಮಳೆ ಬಡಿಯಿತು, ಹೆದರಿದ ಮಗುವನ್ನು ಅಜ್ಜಿ ಜಗಲಿಯ ಮೇಲೆ ಸೆರಗಿನೊಳಗೆ ಎಳೆದುಕೊಂಡು ಈ ಮಾತು ಹೇಳಿದರು. ನನ್ನ ಊಹೆ ತಪ್ಪಿರಬಹುದು, ಆದರೆ ಸರಿಯಾದ ಕಥೆ ಗೊತ್ತಿರುವವರು ನಿಮ್ಮ ಮನೆಯಲ್ಲಿ ಒಬ್ಬರೇ ಇದ್ದಾರೆ, ಮತ್ತು ನೀವು ಊರಿಗೆ ಕಳಿಸಬೇಕೆಂದಿರುವುದು ಅವರನ್ನೇ. ಆ ಮದುವೆಮನೆಯಲ್ಲಿ ನಿಮ್ಮ ಮಗ ತನಗೆ ಗೊತ್ತಿದ್ದ ಅತ್ಯಂತ ತಕ್ಕ ಮಾತನ್ನು ಆಡಿದ: ಈ ಸದ್ದು ನನಗೆ ಭಯ, ನಿಲ್ಲುವವರೆಗೆ ನನ್ನನ್ನು ಹಿಡಿದುಕೊಳ್ಳಿ.

ಇದು ನನ್ನ ಕಲ್ಪನೆಯ ಮಾತಲ್ಲ. ಆಟಿಸಂ ಕುರಿತ ಹಳೆಯ ವೈದ್ಯಕೀಯ ಬರಹಗಳಲ್ಲೇ ಇರುವ ಅರಿವು ಇದು. ಅಮೆರಿಕದ ಬಾಲ್ಟಿಮೋರಿನಲ್ಲಿ ಮಕ್ಕಳ ಮನೋವೈದ್ಯರಾಗಿದ್ದ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವಿವರಗಳೊಂದಿಗೆ ಈ ಸ್ಥಿತಿಯನ್ನು ವರ್ಣಿಸಿದರು; ಇಂಥ ಮಕ್ಕಳ ಸಂಬಂಧವಿಲ್ಲದಂತೆ ತೋರುವ ಮಾತಿನ ಬಗ್ಗೆಯೇ 1946ರಲ್ಲಿ ಇನ್ನೊಂದು ಲೇಖನ ಬರೆದರು. ಅವರು ಕಂಡ ಪಾಲ್ ಎಂಬ ಹುಡುಗ ಬಾಣಲೆಯಂಥ ಪಾತ್ರೆ ಕಂಡಾಗಲೆಲ್ಲ ‘ಪೀಟರ್ ಈಟರ್’ ಎನ್ನುತ್ತಿದ್ದ. ಕೇಳಿದವರಿಗೆ ಅದು ಬರೀ ಬಡಬಡಿಕೆ. ಆದರೆ ಅವನಿಗೆ ಎರಡು ವರ್ಷವಿದ್ದಾಗ ತಾಯಿ ಅಡುಗೆಮನೆಯಲ್ಲಿ ‘ಪೀಟರ್ ಪೀಟರ್ ಪಂಪ್ಕಿನ್ ಈಟರ್’ ಎಂಬ ಶಿಶುಗೀತೆಯನ್ನು ಹೇಳುತ್ತಿದ್ದಾಗಲೇ ಕೈಯಲ್ಲಿದ್ದ ಪಾತ್ರೆ ಜಾರಿ ಬಿದ್ದಿತ್ತು. ಅಂದಿನಿಂದ ಅವನ ಮಟ್ಟಿಗೆ ಆ ಪಾತ್ರೆಯ ಹೆಸರು ಅದೇ ಆಯಿತು. ಇಂಥ ಮಾತಿನ ಮೂಲ ಗೊತ್ತಾದರೆ ಅರ್ಥವೂ ಗೊತ್ತಾಗುತ್ತದೆ, ಮೂಲ ತಿಳಿದಿರುವುದು ಆ ಹೊತ್ತಿನಲ್ಲಿ ಮಗುವಿನ ಪಕ್ಕದಲ್ಲಿದ್ದವರಿಗೆ ಎಂಬುದನ್ನು ಕ್ಯಾನರ್ ಅಂದೇ ಕಂಡುಕೊಂಡಿದ್ದರು.

ನಡುವೆ ಕೆಲವು ದಶಕ ಈ ಅರಿವು ಮಸುಕಾಯಿತು. ನಡವಳಿಕೆಯನ್ನು ತಿದ್ದುವುದೇ ಚಿಕಿತ್ಸೆ ಎಂದು ನಂಬಿದವರು ಕೇಳಿದ ಮಾತನ್ನು ಮರಳಿ ಹೇಳುವ ಈ ಎಕೋಲೇಲಿಯಾವನ್ನು ಅಳಿಸಿಹಾಕಬೇಕಾದ ದೋಷವೆಂದು ಎಣಿಸಿದರು. ‘ಲಕ್ಷ್ಯ ಕೊಡಬೇಡಿ’ ಎಂದು ನಿಮಗೆ ಹೇಳಿದ ಮಾತು ಆ ಕಾಲದ ಉಳಿಕೆ. 1981ರಲ್ಲಿ ಅಮೆರಿಕದ ವಾಕ್ ತಜ್ಞರಾದ ಬ್ಯಾರಿ ಪ್ರೈಝೆಂಟ್ ಮತ್ತು ಜುಡಿತ್ ಡ್ಯೂಕನ್ ನಾಲ್ಕು ಮಕ್ಕಳು ಕೇಳಿದ ಕೂಡಲೇ ಮರಳಿ ಆಡಿದ ಸಾವಿರಕ್ಕೂ ಹೆಚ್ಚು ಮಾತುಗಳನ್ನು ವಿಡಿಯೊದಲ್ಲಿ ಹಿಡಿದು, ಮಗು ಆಗ ಎತ್ತ ನೋಡುತ್ತಿತ್ತು, ಏನನ್ನು ಮುಟ್ಟುತ್ತಿತ್ತು, ಧ್ವನಿ ಹೇಗಿತ್ತು ಎಂಬುದರ ಸಮೇತ ಪರೀಕ್ಷಿಸಿ, ಅವು ಏಳು ಬಗೆಯ ಕೆಲಸ ಮಾಡುತ್ತವೆ ಎಂದು ತೋರಿಸಿದರು. ಕೇಳಿ ಎಷ್ಟೋ ದಿನವಾದ ಮೇಲೆ ಹೊರಬರುವ ಮಾತುಗಳನ್ನು ಪ್ರೈಝೆಂಟ್ 1984ರಲ್ಲಿ ಪ್ಯಾಟ್ರಿಕ್ ರೈಡೆಲ್ ಜೊತೆ ನೋಡಿದಾಗ ಹದಿನಾಲ್ಕು ಬಗೆ ಕಂಡವು: ಬೇಡುವುದಕ್ಕೆ, ಬೇಡವೆನ್ನುವುದಕ್ಕೆ, ಕರೆಯುವುದಕ್ಕೆ, ತನಗೆ ತಾನೇ ಹೇಳಿಕೊಂಡು ಒಂದು ಕೆಲಸ ಮುಗಿಸುವುದಕ್ಕೆ, ಹೀಗೆ. ಹೀಗೆ ಮರಳಿ ಹೇಳುವ ಮಾತೆಲ್ಲ ಯಾರಿಗೋ ಹೇಳಿದ್ದೇ ಆಗಿರುವುದಿಲ್ಲ, ಕೆಲವು ಎದುರಿನ ಸನ್ನಿವೇಶ ನೆನಪನ್ನು ತಟ್ಟಿದ್ದರಿಂದ ಮಾತ್ರ ಬರುತ್ತವೆ. ಆದರೆ ಯಾವುದು ಯಾವುದೆಂದು ತಿಳಿಯಲು ಲಕ್ಷ್ಯ ಕೊಡುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ.

ಬಾಯಾರಿದಾಗ ಅವನು ನಿಮ್ಮನ್ನೇ ‘ನೀರು ಬೇಕಾ ಪುಟ್ಟಾ?’ ಎಂದು ಕೇಳುತ್ತಾನೆ, ‘ತನ್ನ ಹೆಸರೇ ಗೊತ್ತಿಲ್ಲದವನಂತೆ’ ಎಂದು ನೊಂದು ಬರೆದಿದ್ದೀರಿ. ನೀರು ಎದುರಿಗೆ ಬರುವ ಮುಂಚಿನ ಕ್ಷಣದಲ್ಲಿ ಅವನು ಪ್ರತಿಸಲ ಕೇಳಿದ್ದು ಆ ಪ್ರಶ್ನೆಯನ್ನೇ ಅಲ್ಲವೇ? ನೀರು ತರಿಸುವ ಮಾತು ಅದೇ ಎಂದು ಅವನು ಇಡಿಯಾಗಿ ಎತ್ತಿಕೊಂಡಿದ್ದಾನೆ, ಕೊನೆಯ ‘ಆ’ಕಾರ ಮತ್ತು ನಿಮ್ಮ ರಾಗದ ಸಮೇತ. ಕನ್ನಡದಲ್ಲಿ ಕ್ರಿಯಾಪದದ ಬಾಲವೇ ಮಾಡುವವರು ನಾನೋ ನೀನೋ ಅವನೋ ಎಂದು ಹೇಳುವುದರಿಂದ ಈ ಮಕ್ಕಳು ಬಿಡಿಸಿಕೊಳ್ಳಬೇಕಾದ ಗಂಟು ದೊಡ್ಡದು. ‘ಊಟ ಮಾಡ್ತೀಯಾ?’ ಎಂದು ಅವನು ಕೇಳಿದರೆ ತಿದ್ದಲು ಹೋಗದೆ ‘ಹೂಂ, ನಾನು ಊಟ ಮಾಡ್ತೀನಿ’ ಎಂದು ಅವನ ಪರವಾಗಿ ಹೇಳಿ ತಟ್ಟೆ ಇಡಿ. ಹಾಗೆ ಹೇಳುತ್ತ ಹೋದರೆ ಅವನಿಗೆ ಮುಂದೊಂದು ದಿನ ಎತ್ತಿಕೊಳ್ಳಲು ಸರಿಯಾದ ವಾಕ್ಯ ಸಿಗುತ್ತದೆ.

ಎರಡು ಭಾಷೆಯಿಂದ ಗೊಂದಲ ಎಂಬ ಮಾತಿಗೆ ಬರುತ್ತೇನೆ. ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಇನ್ನು ಮುಂದೆಯೂ ಬರೆಯುತ್ತೇನೆ: ಯಾರೇ ಆಗಲಿ ಮನೆಮಾತನ್ನು ಬಿಡಿ ಎಂದರೆ, ಯಾವ ಆಧಾರದ ಮೇಲೆ ಎಂದು ಅಲ್ಲೇ ಕೇಳಬೇಕು. ಕೆನಡಾದಲ್ಲಿ ಕ್ಯಾಥರೀನ್ ಹ್ಯಾಂಬ್ಲಿ ಮತ್ತು ಎರಿಕ್ ಫೊಂಬೋನ್ ಆಟಿಸಂ ಇರುವ 75 ಮಕ್ಕಳನ್ನು ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆಗಳ ನಡುವೆ ಬೆಳೆದವರ ಮಾತು ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದಿರಲಿಲ್ಲ. ಅದೇ ವರ್ಷ ಅದೇ ದೇಶದಲ್ಲಿ ಚೀನೀ ಮತ್ತು ಇಂಗ್ಲಿಷ್ ಎರಡನ್ನೂ ಕೇಳುವ 14 ಮಕ್ಕಳನ್ನು ಇಂಗ್ಲಿಷ್ ಮಾತ್ರ ಕೇಳುವ 14 ಮಕ್ಕಳೊಂದಿಗೆ ಹೋಲಿಸಿದಾಗ ಎರಡು ಭಾಷೆಯ ಮಕ್ಕಳಿಗೆ ಇಂಗ್ಲಿಷಿನಲ್ಲಿ ಕೊರತೆ ಕಾಣಲಿಲ್ಲ. ಎರಡೂ ಭಾಷೆ ಸೇರಿಸಿ ಎಣಿಸಿದರೆ ಅವರ ಬಳಿ ಇದ್ದ ಪದಗಳೇ ಹೆಚ್ಚು. ಇವು ಚಿಕ್ಕ ಅಧ್ಯಯನಗಳು, ನಿಜ. ಆದರೆ ನಿಮ್ಮ ಮನೆಯಲ್ಲಿ ಒಂದು ವರ್ಷ ಜಾರಿಯಲ್ಲಿರುವ ನಿಷೇಧದ ಬೆನ್ನಿಗೆ ಅಷ್ಟು ಕೂಡ ಇಲ್ಲ.

ಆ ನಿಷೇಧದಿಂದ ಆದದ್ದೇನು ಎಂಬುದನ್ನು ನೀವೇ ಬರೆದಿದ್ದೀರಿ: ‘ಕಮ್, ಸಿಟ್, ಈಟ್, ನೋ, ಗುಡ್ ಬಾಯ್, ಇಷ್ಟರಲ್ಲೇ ದಿನ ಮುಗಿಯುತ್ತದೆ. ನನಗೆ ಇಂಗ್ಲಿಷಿನಲ್ಲಿ ಮುದ್ದು ಮಾಡಲು ಬರುವುದಿಲ್ಲ.’ ಆ ಸಾಲನ್ನು ಓದಿ ನಾನು ಪತ್ರವನ್ನು ಕೆಳಗಿಟ್ಟೆ. ಅಮೆರಿಕಕ್ಕೆ ವಲಸೆ ಬಂದ ಕುಟುಂಬಗಳಲ್ಲಿ ಇದೇ ಸಲಹೆ ಏನು ಮಾಡಿತೆಂದು ತಮಾರ್ ಕ್ರೆಮರ್-ಸ್ಯಾಡ್ಲಿಕ್ ಎಂಬ ಸಂಶೋಧಕಿ 2005ರಲ್ಲಿ ಬರೆದಿದ್ದಾರೆ: ತಂದೆತಾಯಿ ತಮ್ಮ ತಮ್ಮಲ್ಲಿ ಮನೆಮಾತಿನಲ್ಲೇ ಮಾತಾಡಿಕೊಳ್ಳುತ್ತಿದ್ದರು, ಮಗುವಿನೊಡನೆ ಮಾತ್ರ ಅಳತೆಯ ಇಂಗ್ಲಿಷ್, ಹಾಗಾಗಿ ಮನೆಯ ಮಾತುಕತೆಯಿಂದ ಹೊರಗುಳಿದದ್ದು ಮಗುವೇ. ನಿಮ್ಮ ಮನೆಯಲ್ಲೂ ರಾತ್ರಿ ಊಟದ ಹೊತ್ತಿನಲ್ಲಿ ನೀವಿಬ್ಬರೂ ಕನ್ನಡದಲ್ಲೇ ಮಾತಾಡುತ್ತೀರಿ ಎಂದಿದ್ದೀರಿ. ಇತರರ ಜೊತೆ ಬೆರೆಯುವುದೇ ಕಷ್ಟವಾಗಿರುವ ಮಗುವಿಗೆ ಮನೆಯೊಳಗೇ ಇನ್ನೊಂದು ಗೋಡೆ ಎದ್ದಿದೆ.

ನಿಮ್ಮನ್ನು ನಾನು ದೂರುವುದಿಲ್ಲ. ಕಚೇರಿ, ಥೆರಪಿ, ಮನೆ ಮೂರನ್ನೂ ತಲೆಯ ಮೇಲೆ ಹೊತ್ತು ನಡೆಯುತ್ತಿರುವವರು ನೀವು. ಬಸುರಿಯಾಗಿದ್ದಾಗ ಕೆಲಸ ಬಿಡದೆ ಇದ್ದದ್ದರಿಂದ ಹೀಗಾಯಿತೇ ಎಂಬ ನಿಮ್ಮ ಪ್ರಶ್ನೆಗೆ ಒಂದೇ ಮಾತಿನ ಉತ್ತರ, ಇಲ್ಲ. ತಾಯಿಯ ಪ್ರೀತಿಯ ಕೊರತೆಯಿಂದ ಆಟಿಸಂ ಬರುತ್ತದೆಂಬ ಕ್ರೂರ ವಾದವೊಂದು ಒಂದು ಕಾಲಕ್ಕೆ ಚಾಲ್ತಿಯಲ್ಲಿತ್ತು. ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ 1977ರಲ್ಲಿ 21 ಜೋಡಿ ಅವಳಿಗಳ ಅಧ್ಯಯನದಿಂದ ಇದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದೆಂದು ತೋರಿಸಿದ ಮೇಲೆ ಆ ವಾದಕ್ಕೆ ನೆಲೆ ಉಳಿಯಲಿಲ್ಲ. ಆ ಭಾರವನ್ನು ಇಳಿಸಿಬಿಡಿ.

ನನಗೆ ಸಿಟ್ಟು ಬಂದದ್ದು ನಿಮ್ಮ ಪತಿಯ ಮೇಲೆ. ಥೆರಪಿ ಕೇಂದ್ರದವರು ತಪ್ಪು ಹೇಳಿದರು, ಆದರೆ ಅವರು ವಾರಕ್ಕೆ ಎರಡು ಗಂಟೆ ಮಗುವನ್ನು ಕಂಡವರು. ಇವರು ತಮ್ಮ ತಾಯಿಯ ಮಾತು ಕೇಳಿಯೇ ಬೆಳೆದ ಮಗ. ಸಲಹೆ ಸರಿಯೇ ಎಂದು ಇನ್ನೊಬ್ಬರನ್ನು ವಿಚಾರಿಸಲಿಲ್ಲ, ತಾಯಿಯನ್ನು ಕೂರಿಸಿಕೊಂಡು ವಿವರಿಸಲಿಲ್ಲ. ‘ಅವನ ಹತ್ತಿರ ಮಾತಾಡಬೇಡ’ ಎಂದು ಊಟಕ್ಕೆ ಕುಳಿತಲ್ಲೇ ಹೇಳಿ ಎದ್ದರು ಎಂದು ನೀವೇ ಬರೆದಿದ್ದೀರಿ. ಅಂದಿನಿಂದ ಅತ್ತೆ ಮೊಮ್ಮಗನಿಗೆ ಕೈಸನ್ನೆಯಲ್ಲಿ ತುತ್ತು ತಿನ್ನಿಸುತ್ತಾರಂತೆ, ಅವನು ಮಲಗಿದ ಮೇಲೆ ಮಂಚದ ಪಕ್ಕ ಕೂತು ಮೆಲ್ಲಗೆ ಮಾತಾಡಿಸುತ್ತಾರಂತೆ. ಎಪ್ಪತ್ತು ದಾಟಿದ ಹೆಂಗಸು ಮಗನ ಮನೆಯಲ್ಲಿ ಕದ್ದು ಮಾತಾಡುವಂತಾಗಿದೆ. ಹಿರಿಯರ ವಾಸದ ಬಗ್ಗೆ ಅವರಿಲ್ಲದ ಕೋಣೆಯಲ್ಲಿ ತೀರ್ಮಾನ ಮಾಡಬಾರದೆಂದು ನಾನು ಎಷ್ಟೋ ಪತ್ರಗಳಿಗೆ ಉತ್ತರಿಸುವಾಗ ಹೇಳಿದ್ದೇನೆ. ಇಲ್ಲಿ ಆ ತೀರ್ಮಾನದಿಂದ ಮಗುವಿನ ಮಾತಿನ ಅರ್ಥ ಬಲ್ಲ ಏಕೈಕ ವ್ಯಕ್ತಿಯೂ ಹೊರಟುಹೋಗುತ್ತಾರೆ.

ಥೆರಪಿ ಬಿಡಿ ಎಂದು ನಾನು ಹೇಳುತ್ತಿಲ್ಲ, ಅದನ್ನು ಕನ್ನಡದಲ್ಲಿ ಕೊಡುವವರನ್ನು ಹುಡುಕಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿ ತೋರಿಸಿ, ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಮನೆಯವರು ಇದರಲ್ಲಿ ಏನು ಮಾಡಬಲ್ಲರು ಎಂಬ ಅನುಮಾನ ಪತಿಗೆ ಇದ್ದರೆ ಪಕ್ಕದ ಗೋವಾದ ಉದಾಹರಣೆಯನ್ನು ಹೇಳಿ. ಅಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಂದಿಗೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ಮನೆಯವರಿಗೆ ಕಲಿಸಿದ್ದು ಮುಖ್ಯವಾಗಿ ಇಷ್ಟೇ: ಆಜ್ಞೆ ಕಡಿಮೆ ಮಾಡಿ, ಮಗು ಯಾವುದರಲ್ಲಿ ಮಗ್ನವಾಗಿದೆಯೋ ಅದನ್ನು ಗಮನಿಸಿ, ಅದಕ್ಕೆ ಹೊಂದುವ ಮಾತಾಡಿ. ಹಾಗೆ ಮಾಡಿದ ಮನೆಗಳಲ್ಲಿ ಮಕ್ಕಳು ತಾವಾಗಿಯೇ ತಂದೆತಾಯಿಯ ಕಡೆ ತಿರುಗಿ ಏನನ್ನಾದರೂ ತಿಳಿಸಲು ತೊಡಗುವುದು ಹೆಚ್ಚಾಯಿತು. ನಿಮ್ಮ ಅತ್ತೆ ಇದನ್ನು ಯಾರೂ ಕಲಿಸದೆ ಮಾಡುತ್ತಿದ್ದರು.

ಆದ್ದರಿಂದ ನೀವು ಮಾಡಬೇಕಾದದ್ದು ಒಂದೇ, ಇವತ್ತೇ ಸಂಜೆ. ನಿಷೇಧವನ್ನು ಹಾಕಿದ ಬಾಯಿಯೇ ಅದನ್ನು ತೆಗೆಯಬೇಕು: ನಿಮ್ಮ ಪತಿ ತಾಯಿಯ ಪಕ್ಕದಲ್ಲಿ ಕುಳಿತು, ‘ಅಮ್ಮಾ, ತಪ್ಪಾಯಿತು, ಅವನ ಹತ್ತಿರ ಮೊದಲಿನ ಹಾಗೆಯೇ ಮಾತಾಡು’ ಎಂದು ಮಗುವಿನ ಎದುರಿನಲ್ಲೇ ಹೇಳಬೇಕು. ಅವರು ಒಪ್ಪದಿದ್ದರೆ ಈ ಬರಹವನ್ನು ಅವರ ಕೈಗೆ ಕೊಡಿ. ಆಮೇಲೆ ನೀವು ಅತ್ತೆಯನ್ನು ಮಳೆಯ ಆ ಮಾತು ಎಲ್ಲಿಯದೆಂದು ಕೇಳಿ. ನಾಳೆ ಬೆಳಿಗ್ಗೆ ಮಿಕ್ಸಿ ಹಾಕುವ ಮುಂಚೆ ಅವನಿಗೆ ಜಾರು ತೋರಿಸಿ ‘ಈಗ ಸದ್ದು ಬರುತ್ತೆ’ ಎಂದು ಹೇಳಿ. ಆಗಲೂ ಅವನು ‘ಮಳೆ ನಿಂತ್ಮೇಲೆ ಹೋಗಣ’ ಎಂದರೆ ಗುಂಡಿ ಆರಿಸಿ, ಅವನನ್ನು ಅಜ್ಜಿಯ ಪಕ್ಕಕ್ಕೆ ಕಳಿಸಿ, ‘ಹೂಂ ಪುಟ್ಟಾ, ನಿಂತ್ಮೇಲೆ ಹೋಗಣ’ ಎಂದು ಅವರೇ ಉತ್ತರ ಕೊಡಲಿ. ಚಟ್ನಿ ಹತ್ತು ನಿಮಿಷ ತಡವಾಗಲಿ.