ಮೂಗರ್ಜಿಯ ಕೈಗೆ ಮೊಬೈಲ್

ಪ್ರಶ್ನೆ: ಚಳ್ಳಕೆರೆ ತಾಲೂಕಿನಲ್ಲಿ ನನ್ನದೊಂದು ಚಿಕ್ಕ ಎಣ್ಣೆ ಗಾಣವಿದೆ. ನನ್ನ ಶೇಂಗಾ ಎಣ್ಣೆಗೆ ತಾಳೆ ಎಣ್ಣೆ ಬೆರೆಸುತ್ತೇನೆಂದು ಯಾರೋ ಫೇಸ್‌ಬುಕ್‌ನಲ್ಲಿ ಬರೆದಿದ್ದಾರೆ. ಖಾತೆಗೆ ನಿಜ ಹೆಸರಿಲ್ಲ, ಮುಖದ ಜಾಗದಲ್ಲಿ ಗುಲಾಬಿ ಹೂವು. ಹದಿನೈದು ದಿನಗಳಲ್ಲಿ ವ್ಯಾಪಾರ ಅರ್ಧಕ್ಕೆ ಇಳಿದಿದೆ. ಆಧಾರ್ ಕೊಡದೆ ಯಾರೂ ಏನನ್ನೂ ಬರೆಯದಂತೆ ಕಾನೂನು ಮಾಡಬಾರದೇಕೆ?
— ನೊಂದ ವ್ಯಾಪಾರಿ

ಉತ್ತರ: ಸಿಟ್ಟಾಗಬೇಡಿ, ಮೊದಲು ಒಂದು ಮಾತು. ಪತ್ರದ ಕೊನೆಯಲ್ಲಿ ‘ನನ್ನ ಹೆಸರು ಹಾಕಬೇಡಿ’ ಎಂದು ಬರೆದು ಅಡಿಗೆ ಎರಡು ಗೆರೆ ಎಳೆದಿದ್ದೀರಿ. ಹಾಕಿಲ್ಲ. ನಿಮ್ಮ ಹೆಸರು, ವಿಳಾಸ ನನ್ನ ಮೇಜಿನ ಖಾನೆಯಲ್ಲಿವೆ, ಓದುಗರಿಗೆ ಕಾಣುವುದಿಲ್ಲ. ಎಲ್ಲರಿಗೂ ಇಷ್ಟು ಅನುಕೂಲ ಇರಲಿ ಎನ್ನುವವಳು ನಾನು.

ಸರ್ಕಾರಿ ಕಚೇರಿಯೊಂದರಲ್ಲಿ ಒಂಬತ್ತು ವರ್ಷ ಟಪಾಲು ನೋಡಿಕೊಂಡಿದ್ದೆ. ಎಡಗೈಯಲ್ಲಿ ಗೀಚಿದ, ಪಕ್ಕದ ತಾಲೂಕಿನ ಅಂಚೆ ಮುದ್ರೆಯ, ‘ಇಂತಿ ಒಬ್ಬ ಹಿತೈಷಿ’ ಎಂದು ಮುಗಿಯುವ ಮೂಗರ್ಜಿಗಳನ್ನು ಒಡೆದು ಓದುವುದು ನನ್ನ ಪಾಲಿನ ಕೆಲಸ. ಬಹುಪಾಲು ಬರೀ ಹೊಟ್ಟೆಕಿಚ್ಚು. ಒಮ್ಮೆ ನನ್ನ ಶೀಲದ ಮೇಲೆಯೇ ಒಂದು ಬಂತು. ಅದಕ್ಕೆ ನಾನೇ ಆವಕ ವಹಿಯಲ್ಲಿ ನಂಬರು ಕೊಟ್ಟು, ನಾನೇ ಒಯ್ದು ಸಾಹೇಬರ ಮುಂದಿಟ್ಟೆ. ಆ ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ನಿಮ್ಮ ಗುಲಾಬಿ ಹೂವು ಚುಚ್ಚಿದ್ದು ನನಗೆ ಅರ್ಥವಾಗುತ್ತದೆ.

ಆದರೆ ಇನ್ನೊಂದು ಮೂಗರ್ಜಿಯೂ ನೆನಪಿದೆ. ವಿದ್ಯಾರ್ಥಿ ನಿಲಯದಿಂದ ರಾತ್ರಿ ಹೊತ್ತು ಅಕ್ಕಿ ಸಾಗುತ್ತಿದೆ ಎಂದು, ದಿನಾಂಕ ಮತ್ತು ಚೀಲಗಳ ಲೆಕ್ಕ ಸಮೇತ. ಸಾಹೇಬರು ಕೇಳಿದ್ದು ‘ಇದು ನಿಜವೇ’ ಎಂದಲ್ಲ, ‘ಇದು ಯಾರ ಅಕ್ಷರ’ ಎಂದು. ಹಾಜರಿ ಪುಸ್ತಕ ತರಿಸಿ ಅಕ್ಷರ ಹೋಲಿಸಿದರು. ನನಗೆ ಗುರುತು ಸಿಕ್ಕಿತ್ತು, ಗೊತ್ತಿಲ್ಲವೆಂದೆ. ಕೊನೆಗೆ ಅಡುಗೆಯವನಿಗೆ ವರ್ಗವಾಯಿತು. ಬರೆದವನು ಅವನಲ್ಲ. ದಾಸ್ತಾನು ನೋಡಲು ಹೋಗುವ ಹೊತ್ತಿಗೆ ಚೀಲಗಳು ಭರ್ತಿಯಾಗಿದ್ದವು.

ವರ್ಗ ದೊಡ್ಡದಲ್ಲ ಬಿಡಿ. ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ 2002ರಲ್ಲಿ ಸುವರ್ಣ ಚತುಷ್ಕೋನ ರಸ್ತೆ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿಗೆ ಬರೆದರು. ಹೆಸರು ಗುಟ್ಟಾಗಿರಲಿ ಎಂದೂ ಕೋರಿದ್ದರು. ಗುಟ್ಟು ಉಳಿಯಲಿಲ್ಲ. 2003ರ ನವೆಂಬರ್ 27ರಂದು ಗಯಾದಲ್ಲಿ ಗುಂಡಿಕ್ಕಿ ಕೊಂದರು. ಆಮೇಲೆ, 2004ರಲ್ಲಿ, ದೂರುದಾರರ ಹೆಸರನ್ನು ತನ್ನಲ್ಲೇ ಇಟ್ಟುಕೊಂಡು ದೂರನ್ನು ಮಾತ್ರ ಮುಂದಕ್ಕೆ ಕಳಿಸುವ ವ್ಯವಸ್ಥೆ ಕೇಂದ್ರ ಜಾಗೃತ ಆಯೋಗದಲ್ಲಿ ಬಂತು. ಸಹಿಯಿಲ್ಲದ ಪತ್ರವನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ.

ನೀವು ಕೇಳುವಂಥ ಕಾನೂನನ್ನು ದಕ್ಷಿಣ ಕೊರಿಯಾ 2007ರಲ್ಲೇ ಮಾಡಿ ನೋಡಿತು: ದೊಡ್ಡ ಜಾಲತಾಣಗಳಲ್ಲಿ ಬರೆಯಬೇಕಾದರೆ ಗುರುತು ಕೊಡಲೇಬೇಕು. 2011ರಲ್ಲಿ ಅಲ್ಲಿನ ಒಂದು ಕಂಪನಿಯ ಗಣಕಗಳಿಗೆ ಕನ್ನ ಬಿದ್ದು ಸುಮಾರು ಮೂರೂವರೆ ಕೋಟಿ ಬಳಕೆದಾರರ ವಿವರ ಸೋರಿತು. 2012ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನನ್ನೇ ರದ್ದುಮಾಡಿತು. ನಮ್ಮ ಆಧಾರ್ ಸಂಖ್ಯೆಯನ್ನು ಕಂಡ ಕಂಡ ಕಂಪನಿಗೆ ಕೊಟ್ಟು ಕೂರಲು ನನಗಂತೂ ಧೈರ್ಯವಿಲ್ಲ. ಅಲ್ಲದೆ ನಿಜ ಹೆಸರು, ಮದುವೆಯ ಫೋಟೊ ಹಾಕಿಕೊಂಡೇ ಹೆಣ್ಣುಮಕ್ಕಳನ್ನು ಬೈಯುವ ಗಂಡಸರನ್ನು ನೀವೂ ನೋಡಿರುತ್ತೀರಿ.

ಹಾಗೆಂದು ನೀವು ಸುಮ್ಮನಿರಬೇಕಿಲ್ಲ. ಗುಲಾಬಿ ಹೂವಿನ ಹಿಂದೆ ಸಾಮಾನ್ಯವಾಗಿ ಒಂದು ಮೊಬೈಲ್ ಸಂಖ್ಯೆಯೋ ಅಂತರ್ಜಾಲ ಸಂಪರ್ಕದ ಜಾಡೋ ಇರುತ್ತದೆ. ಕಾನೂನಿನ ದಾರಿಯಲ್ಲಿ ಕೇಳಿದರೆ ಕಂಪನಿ ಕೊಡಬೇಕಾಗುತ್ತದೆ. ಬರಹ ಅಳಿಸಿಹೋಗುವ ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆದು, ಕೊಂಡಿ (ಲಿಂಕ್) ಮತ್ತು ದಿನಾಂಕ ಬರೆದಿಟ್ಟುಕೊಳ್ಳಿ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ದೂರು ಕೊಡಿ. ಮಾನನಷ್ಟದ ದಾರಿ ಬೇಕೆಂದರೆ ವಕೀಲರನ್ನು ಕಾಣಿ.

ಅದಕ್ಕೂ ಮೊದಲು, ಗಾಣದಿಂದ ಇಳಿದ ಎಣ್ಣೆಯ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ. ನಮ್ಮ ಸಾಹೇಬರು ಕೇಳದೆ ಬಿಟ್ಟ ಪ್ರಶ್ನೆ ಅದು, ನೀವಾದರೂ ಬಿಡಬೇಡಿ. ಬಂದ ವರದಿಯನ್ನು ಅಂಗಡಿಯ ಬಾಗಿಲಿಗೆ ತೂಗುಹಾಕಿ. ಮುಂದಿನ ತಿಂಗಳು ಆ ಕಡೆ ಬರುವವಳಿದ್ದೇನೆ, ಎರಡು ಲೀಟರ್ ತೆಗೆದಿಡಿ. ಅಂಗಡಿ ಯಾವುದೆಂದು ನನಗೆ ಗೊತ್ತು.